ಬಣ್ಣ ಬಂದ ಬೆಳ್ಳಿ ರೂಪಾಯಿ: ನನ್ನ ಮಾತಿಗೊಂದು ತಿದ್ದುಪಡಿ

ಬ್ರಿಟಿಷರ ಕಾಲದ, ವಿಕ್ಟೋರಿಯಾ ರಾಣಿಯ ಮುಖವಿರುವ ಬೆಳ್ಳಿ ನಾಣ್ಯದ ಬಗ್ಗೆ ‘ವಿಕ್ಟೋರಿಯಾ ರೂಪಾಯಿಯ ಮೇಲೆ ನೀಲಿ, ನೇರಳೆ ಬಣ್ಣವಿದ್ದರೆ ಅದು ಅಸಲಿ, ಬಣ್ಣವಿಲ್ಲದ್ದನ್ನು ಹುಣಸೆಹಣ್ಣಿನಿಂದ ತಿಕ್ಕಿಡಿ’ ಎಂಬ ಸಂದೇಶ ದಾವಣಗೆರೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಮೊದಲ ಅರ್ಧ ನಾನೇ ಬರೆದದ್ದು. ಅದು ತಪ್ಪು.

ಬಣ್ಣದಿಂದ ಅಸಲಿತನ ತಿಳಿಯುವುದಿಲ್ಲ. ಗಾಳಿಯಲ್ಲಿನ ಗಂಧಕದ ಅಂಶ ತಾಗಿ ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡ್‌ನ ತೆಳು ಪದರ ಕಟ್ಟುತ್ತದೆ. ಪದರ ದಪ್ಪವಾದಂತೆ ಮೊದಲು ಹಳದಿ, ಆಮೇಲೆ ಕೆಂಪು ಮಿಶ್ರಿತ ನೇರಳೆ, ನೀಲಿ, ಕೊನೆಗೆ ಕಪ್ಪು. ಅಜ್ಜಿಯ ಪೆಟ್ಟಿಗೆಯಲ್ಲಿ ಇದಕ್ಕೆ ವರ್ಷಗಳೇ ಬೇಕು. ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಕೆಲವು ಗಂಟೆ ಸಾಕು, ಅದರಲ್ಲಿರುವುದೂ ಗಂಧಕವೇ! ತಾನಾಗಿ ಬಂದ ಬಣ್ಣ ಸಾಮಾನ್ಯವಾಗಿ ಅಂಚಿನಿಂದ ಒಳಕ್ಕೆ ಮೆಲ್ಲಗೆ ಹೊರಳುತ್ತದೆ. ಹೀಗೆ ಬೇಕೆಂದೇ ಬರಿಸಿದ್ದು ಮಚ್ಚೆಮಚ್ಚೆಯಾಗಿ, ಕ್ರಮ ತಪ್ಪಿ ನಿಲ್ಲುವುದುಂಟು. ಇದೂ ಬರೀ ಸುಳಿವು, ಅನುಭವಿಗಳೂ ಎಡವುತ್ತಾರೆ.

ಬಣ್ಣ ನೋಡುವ ಮೊದಲು ತೂಗಿ ನೋಡಿ: ವಿಕ್ಟೋರಿಯಾ ರೂಪಾಯಿಯ ತೂಕ 11.66 ಗ್ರಾಂ, ಸವೆದದ್ದು ತುಸು ಕಡಿಮೆ. ತೂಕ ಸರಿಯಿದ್ದರೂ ನಾಣ್ಯದ ಮೇಲಿನ ಅಚ್ಚನ್ನು, ಅಂದರೆ ಚಿತ್ರ, ಅಕ್ಷರಗಳನ್ನು, ಬಲ್ಲವರಿಗೆ ತೋರಿಸಿ.

ಹುಣಸೆಹಣ್ಣಿನ ಸಾಲು ಯಾರು ಸೇರಿಸಿದರೋ, ಅದು ಇನ್ನೂ ಅಪಾಯಕಾರಿ. ತಿಕ್ಕಿದರೆ ಮೂಲ ಹೊಳಪು ಹೋಗುತ್ತದೆ, ಸಂಗ್ರಾಹಕರು ಬೆಲೆ ಇಳಿಸುತ್ತಾರೆ.

ಹಳೆಯ ಸಂದೇಶವನ್ನು ದಯವಿಟ್ಟು ಇನ್ನು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದರ ಕೆಳಗೇ ಇದನ್ನು ಹಾಕಿ.