ಐರನ್ ಕೇಳಿದರೆ ಫೆರಸ್ ಕೊಟ್ಟರು

ಹಿಮೋಗ್ಲೋಬಿನ್ ಕಡಿಮೆ ಇದೆ, ಐರನ್ ಮಾತ್ರೆ ತಗೊಳ್ಳಿ ಅಂತ ಡಾಕ್ಟರು ಚೀಟಿ ಬರೆದುಕೊಟ್ಟರು. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಮಾತ್ರೆಯ ಹಾಳೆ ತಿರುಗಿಸಿ ನೋಡಿದರೆ ಐರನ್ ಅನ್ನೋ ಪದವೇ ಇಲ್ಲ! ಫೆರಸ್ ಫ್ಯೂಮರೇಟ್ ಅಂತಿದೆ. ಸ್ಕೂಟರ್ ಹತ್ತಿ ಮತ್ತೆ ಮೆಡಿಕಲ್ ಶಾಪಿಗೆ ಹೋಗಿ, ಐದಾರು ಜನ ನಿಂತಿದ್ದಾಗಲೇ, "ಏನ್ರೀ, ಐರನ್ ಕೇಳಿದ್ರೆ ಇನ್ಯಾವುದೋ ಕೊಟ್ಟಿದ್ದೀರಲ್ಲ" ಅಂತ ದನಿ ಎತ್ತಿದೆ. ಕೌಂಟರಿನ ಹುಡುಗ ಪಾಪ, ಮೆಲ್ಲಗೆ "ಸರ್, ಫೆರಸ್ ಅಂದ್ರೂ ಐರನ್ನೇ" ಅಂದ. ಕೆಮ್ಮಿನ ಸಿರಪ್ಪಿಗೆ ಕಾಯುತ್ತಿದ್ದ ಅಜ್ಜಿ ನನ್ನನ್ನು ನೋಡಿದ ರೀತಿ ನೋಡಿದರೆ ಅವರಿಗೂ ಗೊತ್ತಿತ್ತು ಅನಿಸುತ್ತದೆ.

ಅವಮಾನ ಆದ ಮೇಲೆ ಓದಲೇಬೇಕಲ್ವಾ. ಲ್ಯಾಟಿನ್‌ನಲ್ಲಿ ಕಬ್ಬಿಣಕ್ಕೆ ಫೆರಮ್ ಅಂತಾರಂತೆ. ಹೈಸ್ಕೂಲಿನಲ್ಲಿ ಯಾಕೆ ಏನು ಅಂತ ಕೇಳದೆ ಎಫ್ ಇ, ಎಫ್ ಇ ಅಂತ ಉರು ಹೊಡೆದದ್ದು ಇದನ್ನೇ. ಫೆರಸ್, ಫೆರಿಕ್ ಎರಡೂ ಇದರ ಮಕ್ಕಳು. ಎರಡು ಎಲೆಕ್ಟ್ರಾನ್ ಕಳೆದುಕೊಂಡದ್ದು ಫೆರಸ್, ಮೂರು ಕಳೆದುಕೊಂಡದ್ದು ಫೆರಿಕ್. ಕುದುರೆಗೆ ಲಾಳ ಹೊಡೆಯುವವನಿಗೆ ಇಂಗ್ಲಿಷಿನಲ್ಲಿ ಫ್ಯಾರಿಯರ್ ಅಂತಾರೆ, ಅದೂ ಫೆರಮ್ಮೇ, ಫ್ರೆಂಚರ ಮನೆ ಹೊಕ್ಕು ಬಂದದ್ದು. ನನಗೆ ತುಂಬಾ ಖುಷಿ ಕೊಟ್ಟದ್ದು ಫೆರಾರಿ. ಇಟಲಿಯಲ್ಲಿ ಅದು ಕಮ್ಮಾರಿಕೆಯಿಂದ ಬಂದ ಮನೆತನದ ಹೆಸರು, ನಮ್ಮ ಹುಬ್ಬಳ್ಳಿ ಕಡೆ ಕಮ್ಮಾರ ಅಂತ ಅಡ್ಡಹೆಸರು ಇರುತ್ತದಲ್ಲ, ಹಾಗೆ. ಕೋಟಿಗಟ್ಟಲೆ ಕೊಟ್ಟು ಕಮ್ಮಾರರ ಗಾಡಿ ತಗೊಳ್ಳೋದು ಅಂತ ಇನ್ನು ಧೈರ್ಯವಾಗಿ ಹೇಳಬಹುದು. ಹೇಗಿದ್ದರೂ ನಾನು ತಗೊಳ್ಳಲ್ಲ.

ಇಷ್ಟಕ್ಕೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ, ಹೊಳೆ ದಾಟಿಸುವ ಫೆರ್ರಿ ಕೂಡ ಫೆರಮ್ಮಿಂದಲೇ ಬಂದದ್ದು, ಕಬ್ಬಿಣದ ದೋಣಿ ನೋಡು ಅಂದೆ. ಅದೇ ಜೋರಿನಲ್ಲಿ ಮುಂಗುಸಿ ಥರದ ಫೆರೆಟ್ ಅನ್ನೋ ಪ್ರಾಣಿಯನ್ನೂ ಸೇರಿಸಿದೆ. ಅವಳು ಎಡಗೈಯಲ್ಲೇ ಫೋನ್ ಒತ್ತಿದಳು. ಫೆರ್ರಿ ಹಳೆ ಇಂಗ್ಲಿಷಿನದು, ಸಾಗಿಸು ಅಂತ ಅರ್ಥ. ಫೆರೆಟ್ ಏನೋ ಲ್ಯಾಟಿನ್ನೇ, ಆದರೆ ಬೇರೆ ಪದ. "ಕಳ್ಳ ಅಂತ ಅರ್ಥ, ಅಪ್ಪಾ" ಅಂದಳು. ನಾನು ಸಾರು ಕಲಸಿಕೊಂಡೆ.

ಬೆಳಗ್ಗೆ ಆಫೀಸಿನ ಶರ್ಟಿಗೆ ಇಸ್ತ್ರಿ ಹಾಕುವಾಗ ತಲೆಗೆ ಹೊಳೆಯಿತು: ಅಲ್ಲ, ಈ ಐರನ್ ಅನ್ನೋ ಪದ ಎಲ್ಲಿಂದ ಬಂತು? ಒಂದು ಕೈಯಲ್ಲಿ ಫೋನ್ ಹಿಡಿದೆ. ಲ್ಯಾಟಿನ್ನಿಗೂ ಅದಕ್ಕೂ ನೆಂಟಸ್ತನವೇ ಇಲ್ಲ! ಹಳೆ ಇಂಗ್ಲಿಷಿನ ಈರೆನ್, ಈಸರ್ನ್. ಜರ್ಮನ್ನರ ಐಸನ್ ಇದರ ದಾಯಾದಿ. ನಮ್ಮದೇ ಸಲೀಸು. ಕರಿ ಪೊನ್ನು, ಅದೇ ಕರ್ಬೊನ್ನು, ಕರ್ಬುನ, ಕಬ್ಬಿಣ. ಕರಿ ಅಂದುಕೊಳ್ಳುವ ಹೊತ್ತಿಗೆ ಮೂಗಿಗೆ ವಾಸನೆ ಬಡಿಯಿತು. ಶರ್ಟಿನ ಬೆನ್ನ ಮೇಲೆ ದೋಣಿಯಾಕಾರದ ಕಂದು ಕಲೆ.

ಮಗಳು ಬಾಗಿಲಲ್ಲಿ ನಿಂತು ನೋಡಿ, "ಈಗ ಇದು ಕಬ್ಬಿಣದ ದೋಣಿ" ಅಂದಳು.