ಬೀಡಿ ಬಿಟ್ರ ನಮ್ಮವ್ವ ಏನ್ ಮಾಡಬೇಕ್ರಿ?

ನಿನ್ನೆ ಬೆಳಗಾವಿಯಿಂದ ಮನೆ ಮುಟ್ಟಿದಾಗ ರಾತ್ರಿ ಒಂಬತ್ತು ದಾಟಿತ್ತು. ಊಟ ಸೇರಲಿಲ್ಲ. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಬೆಳಗಿನವರೆಗೂ ಕಾದೆ. ಇಳಿದಿಲ್ಲ, ಹಾಗೇ ಬರೀತಿದ್ದೇನೆ.

ಹೊರದೇಶದಲ್ಲಿ ನಡೆಯುವ ಅಂತಾರಾಷ್ಟ್ರೀಯ ಯುವ ಆರೋಗ್ಯ ಸಮಾವೇಶವೊಂದಕ್ಕೆ ನಮ್ಮ ಭಾಗದಿಂದ ಒಬ್ಬರನ್ನು ಆರಿಸುವ ಕಾರ್ಯಕ್ರಮ ಅದು. ನಡೆಸಿದವರ ಹೆಸರು ಬರೆಯಲ್ಲ. ನಮ್ಮ ಶಾಲೆಯ ಹುಡುಗಿಯೊಬ್ಬಳನ್ನು ಕರಕೊಂಡು ನಿಪ್ಪಾಣಿಯಿಂದ ನಸುಕಿನ ಬಸ್ಸಿಗೇ ಹೋಗಿದ್ದೆ. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಯುವಜನ ಅಂದರೆ 15ರಿಂದ 24 ವರ್ಷದವರು. ಇವಳಿಗೆ ಹೋದ ತಿಂಗಳಷ್ಟೇ 15 ತುಂಬಿದೆ. ಮನೇಲಿ ಮರಾಠಿ, ಶಾಲೇಲಿ ಕನ್ನಡ, ಇಂಗ್ಲಿಷ್ ಪರೀಕ್ಷೆಗೆ ಎಷ್ಟು ಬೇಕೋ ಅಷ್ಟು. ಅವಳ ಅವ್ವ ಬೀಡಿ ಕಟ್ಟುತ್ತಾಳೆ.

ವಿಷಯ ತಂಬಾಕು ಮತ್ತು ಯುವಜನರ ಆರೋಗ್ಯ. ನಾಲ್ಕು ನಿಮಿಷ. ಅವಳು ಎದ್ದು ನಿಂತು ತನ್ನ ಮನೆಯ ಮುಂದಿನ ಕಟ್ಟೆಯಿಂದಲೇ ಸುರು ಮಾಡಿದಳು. ತೊಡೆಯ ಮೇಲೆ ಮೊರ, ಮೊರದಲ್ಲಿ ನೆನೆಸಿದ ಎಲೆ, ತಂಬಾಕಿನ ಪುಡಿ, ದಾರದ ಉಂಡಿ. ತಗಡಿನ ಅಳತೆ ಇಟ್ಟು ಕತ್ತರಿಯಿಂದ ಎಲೆ ಕತ್ತರಿಸುವುದು ಅವ್ವನ ಕೆಲಸ. ಶಾಲೆ ಬಿಟ್ಟು ಬಂದ ಮೇಲೆ ಬೀಡಿಯ ಬಾಯಿ ಮಡಚುವುದು ಇವಳದು. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಸರಿಯಿಲ್ಲ ಅಂತ ಆರಿಸಿ ತೆಗೆದದ್ದಕ್ಕೆ ಏನೂ ಇಲ್ಲ. "ಎಷ್ಟ್ ಸಲ ಕೈ ತೊಳಕೊಂಡ್ರೂ ರೊಟ್ಟಿ ಹಿಟ್ಟಿಗೆ ತಂಬಾಕಿನ ವಾಸನೆ ಬರ್ತೈತ್ರಿ" ಅಂದಳು. ಸಭೆ ಅಲ್ಲಿಯವರೆಗೂ ಸುಮ್ಮನೆ ಕೇಳಿತು. ಆಮೇಲೆ ಅವಳು ಕೇಳಿದ್ದು ಇದು: "ತಂಬಾಕು ನಿಲ್ಲಬೇಕ್ರಿ, ಖರೇ. ಬೀಡಿ ಕಟ್ಟೂದು ಬಿಟ್ರ ನಮ್ಮವ್ವ ಏನ್ ಮಾಡಬೇಕ್ರಿ?"

ತೀರ್ಪುಗಾರರಲ್ಲಿ ಒಬ್ಬರು ಸಮಾಧಾನದಿಂದಲೇ ಹೇಳಿದರು: "ಅದು ಲೋಕಲ್ ವಿಷಯ ಆಯ್ತಮ್ಮ. ಅಲ್ಲಿಗೆ ಹೋಗೋರು ಗ್ಲೋಬಲ್ ಆಗಿ ಯೋಚನೆ ಮಾಡಬೇಕು. ಇಂಗ್ಲಿಷ್‌ನಲ್ಲಿ ಹೇಳೋಕಾಗುತ್ತಾ?"

ಅವಳು ಕೂತಳು.

ಲೋಕಲ್. ಆ ಒಂದು ಮಾತು ಬಸ್ಸಿನುದ್ದಕ್ಕೂ ನನ್ನನ್ನು ಕೊರೆಯಿತು. 2003ರಲ್ಲಿ ಜಿನೀವಾದ ವಿಶ್ವ ಆರೋಗ್ಯ ಸಭೆಯಲ್ಲಿ ತಂಬಾಕು ನಿಯಂತ್ರಣದ ಒಪ್ಪಂದ ಅಂಗೀಕಾರವಾಯಿತು. 2004ರಲ್ಲಿ ಭಾರತ ಅದನ್ನು ಅನುಮೋದಿಸಿತು, 2005ರಲ್ಲಿ ಜಾರಿಗೆ ಬಂತು. ಅದರ 17ನೇ ವಿಧಿ ಏನು ಹೇಳುತ್ತದೆ ಗೊತ್ತೇ? ತಂಬಾಕು ಬೆಳೆಯುವವರಿಗೆ, ತಂಬಾಕಿನ ಕೆಲಸ ಮಾಡುವವರಿಗೆ, ಚಿಲ್ಲರೆ ಮಾರುವವರಿಗೆ ಬದುಕು ನಡೆಯುವಂಥ ಬೇರೆ ದಾರಿಗೆ ಸರ್ಕಾರಗಳು ನೆರವಾಗಬೇಕು ಅಂತ. ನಮ್ಮ ಹುಡುಗಿ ಆ ವಿಧಿಯ ಹೆಸರನ್ನೇ ಕೇಳಿದವಳಲ್ಲ. ಆದರೆ ಕಟ್ಟೆಯ ಮೇಲೆ ಕೂತು ಬೀಡಿಯ ಬಾಯಿ ಮಡಚುತ್ತಾ ಅದೇ ಪ್ರಶ್ನೆಗೆ ಬಂದು ನಿಂತಿದ್ದಾಳೆ. ಜಗತ್ತಿನ ಬಹುಪಾಲು ದೇಶಗಳು ಒಪ್ಪಿಕೊಂಡ ಪ್ರಶ್ನೆ ನಿಪ್ಪಾಣಿಯ ಬಾಯಲ್ಲಿ ಬಂದ ಕೂಡಲೇ ಲೋಕಲ್ ಆಗಿಬಿಡುತ್ತದೆಯೇ?

ಇನ್ನೂ ಹಿಂದೆ ಹೋಗಿ. ಆರೋಗ್ಯ ಸಂವರ್ಧನೆ ಅಂತ ಈ ಸಮಾವೇಶಗಳೆಲ್ಲ ಯಾವುದನ್ನು ಹೇಳುತ್ತವೋ ಅದರ ಮೂಲ 1986ರ ಒಟ್ಟಾವಾ ಸನ್ನದು, ಅಂದರೆ ಕೆನಡಾದಲ್ಲಿ ನಡೆದ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನ ಹೊರಡಿಸಿದ ಘೋಷಣೆ. ಜನ ಕಲಿಯುವ, ದುಡಿಯುವ, ಆಡುವ, ಪ್ರೀತಿಸುವ ಜಾಗದಲ್ಲೇ ಆರೋಗ್ಯ ಹುಟ್ಟುತ್ತದೆ ಅಂತ ಅದರಲ್ಲಿದೆ. ಈ ಹುಡುಗಿ ಓದುವುದೂ ಆ ಕಟ್ಟೆಯ ಮೇಲೆ, ದುಡಿಯುವುದೂ ಅಲ್ಲೇ. ನಿಕೋಟಿನ್ ಮೈಗೆ ಸೇರಲು ಸೇದಲೇಬೇಕು ಅಂತಿಲ್ಲ, ಚರ್ಮದಿಂದಲೂ ಇಳಿಯುತ್ತದೆ. ಅವಳಿಗಿಂತ ಹತ್ತಿರದಿಂದ ಈ ವಿಷಯ ಬಲ್ಲವರು ನಿನ್ನೆ ಆ ಹಾಲ್‌ನಲ್ಲಿ ಯಾರಿದ್ದರು?

ಆಯ್ಕೆಯಾದ ಹುಡುಗನ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಇ-ಸಿಗರೇಟಿನ ಬಗ್ಗೆ, 2019ರಲ್ಲಿ ಭಾರತ ಅದನ್ನು ನಿಷೇಧಿಸಿದ್ದರ ಬಗ್ಗೆ ಚೆನ್ನಾಗಿ ಓದಿಕೊಂಡು ಬಂದಿದ್ದ. ಹೋಗಿ ಬರಲಿ. ಆದರೆ ಅವ್ವನ ಕೂಲಿಯ ಪ್ರಶ್ನೆಯನ್ನು ಅಲ್ಲಿ ಅವನು ಎತ್ತುವುದಿಲ್ಲ. ಯಾಕೆ ಎತ್ತಬೇಕು, ಅದು ಅವನ ಮನೆಯದಲ್ಲ.

ಚಹಾದ ಹೊತ್ತಿನಲ್ಲಿ ಇನ್ನೊಬ್ಬ ಶಿಕ್ಷಕರು ಬಂದು, "ಮೇಡಮ್, ಅಲ್ಲಿ ಹೋಗಿ ಭಾಷೆ ತಿಳೀದ ಕೂತ್ರ ಪಾಪ ಹುಡುಗಿಗೇ ತ್ರಾಸ ಅಲ್ಲೇನ್ರಿ?" ಅಂದರು. ಕಾಳಜಿಯಿಂದಲೇ ಅಂದದ್ದು. ಆದರೂ ಒಪ್ಪಲಾರೆ. ವಿಶ್ವಸಂಸ್ಥೆಯ ಸಭೆಗಳಲ್ಲಿ ಆರು ಭಾಷೆಗಳಿಗೆ ದುಭಾಷಿಗಳು ಕೂತಿರುತ್ತಾರೆ. ಮಂತ್ರಿಗಳು ತಮ್ಮ ಭಾಷೆಯಲ್ಲಿ ಮಾತಾಡುತ್ತಾರೆ, ಕೇಳುವವರು ಕಿವಿಗೆ ಯಂತ್ರ ಹಾಕಿಕೊಂಡು ಕೇಳುತ್ತಾರೆ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರೇ 4.37 ಕೋಟಿ. ಒಂದು ಮಗುವಿನ ಜತೆ ಕನ್ನಡ ಬಲ್ಲ ಒಬ್ಬರನ್ನು ಕಳಿಸಲು ಆಗುವುದಿಲ್ಲವೇ?

ಮತ್ತೊಬ್ಬರದು ಇನ್ನೂ ನೋಯಿಸಿದ ಮಾತು: ಈ ಪ್ರಶ್ನೆ ಬೀಡಿ ಕಂಪನಿಯವರಿಗೆ ಅನುಕೂಲ ಆಗ್ತದೆ ಅಂತ. ಬಡವರ ಕೂಲಿಯನ್ನು ಗುರಾಣಿ ಮಾಡಿಕೊಂಡು ಕಾನೂನಿಗೆ ಅಡ್ಡ ನಿಲ್ಲುವವರು ಇದ್ದಾರೆ, ಹೌದು. ಆದರೆ ಹುಡುಗಿ ಬೀಡಿ ಉಳಿಸಿ ಅನ್ನಲಿಲ್ಲ. ಅವ್ವನನ್ನು ಅದರಿಂದ ಹೊರಗೆ ತರುವ ದಾರಿ ಯಾವುದು ಅಂತ ಕೇಳಿದಳು. 1981ರಲ್ಲಿ ನಿಪ್ಪಾಣಿಯ ತಂಬಾಕು ರೈತರು ಬೆಲೆಗಾಗಿ ಹೆದ್ದಾರಿ ತಡೆದು ಕೂತಾಗ ಪೊಲೀಸರ ಗುಂಡಿಗೆ ಜನ ಸತ್ತರು. ಇಲ್ಲಿ ತಂಬಾಕು ಅಂದರೆ ಹೊಟ್ಟೆಯ ಮಾತು. ಅದಕ್ಕೆ ಉತ್ತರ ಕೊಡದೆ ಬರೀ ಬ್ಯಾನರ್ ಹಿಡಿದರೆ ಕಂಪನಿಗೇ ಅನುಕೂಲ.

ಈಗ ಹೇಳಲೇಬೇಕಾದ ಇನ್ನೊಂದು ಮಾತು. ರಾತ್ರಿ ನಿದ್ದೆ ಬಾರದ್ದು ಇದರಿಂದಲೇ.

ಆ ತೀರ್ಪುಗಾರರಿಗಿಂತ ಮೊದಲು ಆ ಪ್ರಶ್ನೆಯನ್ನು ಹೊಡೆದುಹಾಕಿದವಳು ನಾನು. ಎರಡು ವಾರದ ಹಿಂದೆ ಹುಡುಗಿ ಭಾಷಣ ಬರೆದು ತಂದಾಗ ಕೊನೆಯ ಸಾಲಿನ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ "ಹಣ್ಣು, ತರಕಾರಿ, ವ್ಯಾಯಾಮದ ಬಗ್ಗೆ ಬರೆ" ಅಂತ ಬರೆದೆ. ನನ್ನ ಮನೆಯ ಕಥೆ ನಿಮಗೆಲ್ಲ ಗೊತ್ತು. ನನ್ನ ಅವ್ವನೂ ಬೀಡಿ ಕಟ್ಟಿದವಳೇ. ಬೀಡಿ ಕಾರ್ಮಿಕರ ಮಕ್ಕಳಿಗೆ ಬರುತ್ತಿದ್ದ ವಿದ್ಯಾರ್ಥಿವೇತನದಲ್ಲೇ ನಾನು ಓದಿದ್ದು. ದೊಡ್ಡ ಸಭೆಯಲ್ಲಿ ನಮ್ಮ ಮೊರ, ನಮ್ಮ ಕೂಲಿಯ ಮಾತು ಬೇಡ ಅನ್ನಿಸಿತು. ನಾಚಿಕೆ ಆಯಿತು ನನಗೆ. ಹುಡುಗಿಗೆ ಆಗಲಿಲ್ಲ. ನನ್ನ ಗೆರೆಯನ್ನು ದಾಟಿ ತನ್ನ ಪ್ರಶ್ನೆ ಕೇಳಿಯೇ ಕೂತಳು.

ವಾಪಸು ಬರುವಾಗ ಸಂಕೇಶ್ವರ ದಾಟಿದ ಮೇಲೆ, "ಟೀಚರ್, ನಾ ತಪ್ಪು ಕೇಳಿದ್ನೇನ್ರಿ?" ಅಂದಳು. "ಇಲ್ಲವ್ವಾ, ತಪ್ಪು ನಂದು" ಅಂದೆ. ಅರ್ಥವಾಗಲಿಲ್ಲ ಅವಳಿಗೆ, ಕಿಟಕಿಯ ಕಡೆ ತಿರುಗಿದಳು.

ಆ ಹಾಳೆ ನನ್ನ ಹತ್ತಿರವೇ ಇದೆ. ಕೆಂಪು ಗೆರೆಯ ಕೆಳಗೆ ಅವಳ ಅಕ್ಷರ ಸ್ಪಷ್ಟವಾಗಿ ಓದಲು ಬರುತ್ತದೆ. ಅವಳ ಅವ್ವನನ್ನು ಕೇಳಿ, ಅವರು ಒಪ್ಪಿದರೆ, ಪೂರ್ತಿ ಭಾಷಣವನ್ನು ಆ ಸಮಾವೇಶದವರಿಗೆ ಕಳಿಸುತ್ತೇನೆ, ಕನ್ನಡದಲ್ಲೇ, ಜತೆಗೆ ಒಂದು ಇಂಗ್ಲಿಷ್ ಪ್ರತಿ ಇಟ್ಟು. ಅನುವಾದ ಮಾಡಿಕೊಡಬಲ್ಲ ಸ್ನೇಹಿತರು ದಯವಿಟ್ಟು ಇನ್‌ಬಾಕ್ಸಿಗೆ ಬನ್ನಿ. ಕೊನೆಯ ಸಾಲನ್ನು ಮಾತ್ರ ಯಾರೂ ತಿದ್ದಬೇಡಿ.