ದೇಣಿಗೆ ಕೇಳುವವರು ಮೊದಲು ಬಿರುಕನ್ನು ತೋರಿಸಲಿ

ನಮ್ಮ ಬೆಂಗಳೂರಿನ ವಿಶ್ವವಿದ್ಯಾಲಯವೊಂದು ತನ್ನ ಹಳೆಯ ಕಟ್ಟಡದ ಜೀರ್ಣೋದ್ಧಾರಕ್ಕೆ ದೇಣಿಗೆ ಕೋರಿ ಸಿದ್ಧಪಡಿಸಿರುವ ಕೈಪಿಡಿಯ ಕರಡು ಇಂದು ಬೆಳಿಗ್ಗೆ ತಿದ್ದುವುದಕ್ಕೆಂದು ನನ್ನ ಬಳಿ ಬಂತು. ಇಂಥ ಅಚ್ಚಿನ ಕೆಲಸದಲ್ಲೇ ನನ್ನ ಬದುಕು ಸಾಗಿದೆಯೆಂಬುದನ್ನು ನೀವೆಲ್ಲ ಬಲ್ಲಿರಿ. ಓದಿ ಮುಗಿಸಿದಾಗಿನಿಂದ ಸಿಟ್ಟು ಇಳಿದಿಲ್ಲ. ನುಣುಪು ಕಾಗದ, ಪದಾಧಿಕಾರಿಗಳ ಭಾವಚಿತ್ರಗಳು, ಕಂಪ್ಯೂಟರಿನಲ್ಲಿ ಬಿಡಿಸಿದ ಹೊಳೆಯುವ ಮುಂಭಾಗ, ಪುಟಪುಟದಲ್ಲೂ ‘ಭವ್ಯ ಪರಂಪರೆ’. ಕಟ್ಟಡದಲ್ಲಿ ಕೆಟ್ಟಿರುವುದು ಏನು ಎಂಬುದಕ್ಕೆ ಮಾತ್ರ ಒಂದೇ ಒಂದು ವಾಕ್ಯವಿಲ್ಲ.

ಕೆಟ್ಟಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಲಿನ ಅಂತಸ್ತಿನದು ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ನಿಲ್ಲಿಸಿ ಕಟ್ಟಿದ ಚಾವಣಿ. ಅಲ್ಲಿ ತೊಲೆಯೊಂದು ಗೋಡೆಯೊಳಗೆ ಸೇರುವ ತುದಿಯನ್ನು ಬೆರಳಿನಿಂದ ಒತ್ತಿದರೆ ಸಾಕು, ಮರ ಪುಡಿಯಾಗಿ ಉದುರುತ್ತದೆ. ಅದರ ಕೆಳಗೆ ಹಿಂದೆ ಯಾವಾಗಲೋ ಹಾಕಿದ ಸಿಮೆಂಟಿನ ತೇಪೆಯಿದೆ. ಸುಣ್ಣದ ಗಾರೆ ತಾನು ಹೀರಿದ ತೇವವನ್ನು ಹೊರಕ್ಕೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಹಾಗಾಗಿ ಒಳಗೇ ಉಳಿದ ತೇವದೊಂದಿಗೆ ಲವಣಾಂಶ ಸೇರಿ ಇಟ್ಟಿಗೆಯನ್ನೇ ಪದರುಪದರಾಗಿ ಕಳಚುತ್ತಿದೆ. ಈ ಎರಡರ ಫೋಟೊಗಳನ್ನು ಅಚ್ಚುಹಾಕಿ, ತೊಲೆ ಬದಲಿಸಲು ಇಷ್ಟು, ಸಿಮೆಂಟು ಕೆತ್ತಿ ತೆಗೆದು ಸುಣ್ಣದ ಗಿಲಾವು ಮಾಡಲು ಇಷ್ಟು ಎಂದು ಬರೆಯಬೇಕಿತ್ತು. ಬರೆದಿರುವುದು ಕೋಟಿಗಳ ಲೆಕ್ಕದ ಒಟ್ಟು ಮೊತ್ತ ಮಾತ್ರ. ಪಿಂಚಣಿಯಲ್ಲಿ ಐದು ಸಾವಿರ ಉಳಿಸಿ ಕೊಡಬಯಸುವ ಹಳೆಯ ವಿದ್ಯಾರ್ಥಿನಿ ಅದನ್ನು ನೋಡಿ ತನ್ನ ಹಣ ಯಾವ ಮೂಲೆಗೆ ಎಂದುಕೊಂಡು ಸುಮ್ಮನಾಗುತ್ತಾರೆ.

ಶಿಥಿಲ ಗೋಡೆ ತೋರಿಸಿದರೆ ಸಂಸ್ಥೆಯ ಮರ್ಯಾದೆ ಹೋಗುತ್ತದೆ, ಕಂಪನಿಗಳು ಅಂದದ ಚಿತ್ರಕ್ಕೇ ಒಲಿಯುತ್ತವೆ ಎಂದು ದೇಣಿಗೆ ಸಂಗ್ರಹದ ಸಂಚಾಲಕರು ವಾದಿಸಿದರು. ನಾನಿದನ್ನು ಒಪ್ಪಲಾರೆ. 2013ರ ಕಂಪನಿ ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರವೂ ಸಿಎಸ್‌ಆರ್ ವೆಚ್ಚಕ್ಕೆ, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಯಾಗಿ ಮಾಡುವ ವೆಚ್ಚಕ್ಕೆ, ಅರ್ಹವೆಂದಿದೆ. ಆ ಹಣ ಮಂಜೂರು ಮಾಡುವವರು ನಾಳೆ ತಮ್ಮ ಆಡಳಿತ ಮಂಡಳಿಗೆ ಲೆಕ್ಕ ಒಪ್ಪಿಸಬೇಕಾದವರು. ಅವರಿಗೂ ಬೇಕಾಗಿರುವುದು ಹಾನಿಯ ವಿವರ ಮತ್ತು ಅಂದಾಜುಪಟ್ಟಿಯೇ. ಸೋರುವ ಚಾವಣಿಯನ್ನು ಬಚ್ಚಿಟ್ಟುಕೊಂಡು ಅದರ ದುರಸ್ತಿಗೇ ಹಣ ಕೇಳುವುದು ಯಾವ ಮರ್ಯಾದೆ?

ಚರಿತ್ರೆಯ ಪುಟವೂ ಹೀಗೆಯೇ ಟೊಳ್ಳಾಗಿದೆ. ಉದಾಹರಣೆಗೆ, 1858ರಲ್ಲಿ ಬೆಂಗಳೂರು ಹೈಸ್ಕೂಲಾಗಿ ಆರಂಭವಾದ ಸೆಂಟ್ರಲ್ ಕಾಲೇಜಿನ ಬಗ್ಗೆ ಬರೆಯುವವರು ‘ಜ್ಞಾನದೇಗುಲ’ ಎಂದು ಹೊಗಳುವ ಬದಲು, 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ಶೋಧವನ್ನು ವಿಜ್ಞಾನಿಗಳ ಮುಂದಿಟ್ಟದ್ದು ಅಲ್ಲಿಯೇ ಎಂದರೆ ಸಾಕು, ಓದುಗರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಪ್ರತಿ ಹಳೆಯ ಕಾಲೇಜಿಗೂ ಅಂಥದೊಂದು ದಿನ, ಅಂಥದೊಂದು ಕೋಣೆ ಇರುತ್ತದೆ. ಹುಡುಕುವ ತಾಳ್ಮೆ ಬೇಕು, ಅಷ್ಟೇ.

ಇಡೀ ಕೈಪಿಡಿ ಇಂಗ್ಲಿಷಿನಲ್ಲಿದೆ ಎಂಬ ನೋವು ಬೇರೆ. ಕೋಲಾರದಿಂದ, ತುಮಕೂರಿನಿಂದ ಬಂದು ಹಾಸ್ಟೆಲಿನಲ್ಲಿದ್ದು ಓದಿದವರ ಮನೆಗಳಿಗೆ ಇದು ತಲುಪಬೇಡವೇ?

ಕರಡನ್ನು ತಿದ್ದದೆ ಹಿಂತಿರುಗಿಸಿದ್ದೇನೆ. ತೊಲೆಯ ಚಿತ್ರ, ಬಾಬುವಾರು ಖರ್ಚು, ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಪಡೆಯಲು ಬೇಕಾದ ರಸೀದಿಯ ವಿವರ, ಇವಿಷ್ಟೂ ಇರುವ ಕನ್ನಡದ ನಾಲ್ಕು ಪುಟಗಳನ್ನು ನಾನೇ ಸಂಭಾವನೆಯಿಲ್ಲದೆ ಬರೆದುಕೊಡುತ್ತೇನೆಂದು ಪತ್ರ ಹಾಕಿದ್ದೇನೆ. ಅವರು ಒಪ್ಪಿದರೆ ಆ ಕಟ್ಟಡದಲ್ಲಿ ಓದಿದವರನ್ನು ಹುಡುಕಿಕೊಡಲು ನಿಮ್ಮೆಲ್ಲರ ನೆರವು ಬೇಕಾಗುತ್ತದೆ.